ಮೂಗಿಲ್ಲದ ಕಾಕಾನ ಹೆಬ್ಬಾತುಗಳು

ನಮ್ಮ ಕಾಕಾನಿಗೆ ಮೂಗಿಲ್ಲ. ಗಾಬರಿಯಾಗಬೇಡಿ, ಮುಖದ ಮೇಲೆ ಅದು ಇದ್ದೇ ಇದೆ, ದಪ್ಪ ಕನ್ನಡಕವನ್ನು ಹೊತ್ತು ನಿಲ್ಲುವಷ್ಟು ಗಟ್ಟಿಮುಟ್ಟಾಗಿಯೇ ಇದೆ. ಆದರೆ ವಾಸನೆ ಹಿಡಿಯುವ ಕೆಲಸವನ್ನು ಅದು ಬಿಟ್ಟು ಎಷ್ಟೋ ವರ್ಷಗಳಾದವು. ಹೈದರಾಬಾದಿನ ಜೀಡಿಮೆಟ್ಲಾದ ಕಾರ್ಖಾನೆಯೊಂದರಲ್ಲಿ ಔಷಧಗಳ ನಡುವೆ ದುಡಿದು ದುಡಿದು ಹೋಯಿತೆಂದು ಅವನ ಹೆಂಡತಿ ಕಾಕು ಹೇಳುತ್ತಾಳೆ. ಎಂದೋ ಬಂದ ನೆಗಡಿ ಒಯ್ದಿತೆಂದು ಕಾಕಾ ಹೇಳುತ್ತಾನೆ. ಅಂತೂ ಕಾಕಾನಿಗಿಂತ ಅವನ ಮೂಗೇ ಮೊದಲು ನಿವೃತ್ತಿಯಾಯಿತು.

ಕಾಕುವಿನ ಮೂಗೋ, ಇಬ್ಬರ ಪಾಲೂ ಅವಳೊಬ್ಬಳಿಗೇ ಬಂದಿದೆಯೇನೋ ಅನ್ನಿಸಬೇಕು! ಮಿಯಾಪುರದ ಮನೆಯ ಅಡುಗೆಕೋಣೆಯಲ್ಲಿ ನಿಂತೇ, ಕೆಳಗಿನ ಮಹಡಿಯವರ ಹಾಲು ಸೀದದ್ದನ್ನು ಅವರಿಗಿಂತ ಮೊದಲು ಹೇಳುತ್ತಾಳೆ. ಶನಿವಾರ ನಾನು ಕೊಂಡಾಪುರದ ಆಫೀಸಿನಿಂದ ಅವರ ಮನೆಗೆ ಬಂದರೆ, ಬಾಗಿಲಲ್ಲಿ ಶೂ ಬಿಚ್ಚುವ ಮೊದಲೇ "ಮಧ್ಯಾಹ್ನ ಬಿರ್ಯಾನಿ ತಿಂದೀಯಲ್ಲ?" ಎಂದು ಒಳಗಿನಿಂದ ವಿಚಾರಣೆ ಶುರುವಾಗುತ್ತದೆ. ಇಂಥವಳ ಅಡುಗೆಮನೆಗೆ ಕಾಕಾ ದಿನವೂ ಊಟದ ಹೊತ್ತಿಗೆ ಬಂದು, ಪಾತ್ರೆಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, "ಏನ್ ಘಮಘಮ ಅಂತೈತಿ" ಅನ್ನುತ್ತಾನೆ. ಒಂದು ದಿನ ಪಾತ್ರೆಯಲ್ಲಿ ಬರೀ ನೀರು ಕುದಿಯುತ್ತಿತ್ತು. ಅದಕ್ಕೂ ಅಂದ. ಕಾಕು ಬೇಳೆ ತೊಳೆಯುವುದನ್ನು ಮುಂದುವರಿಸಿದಳು.

ನಿವೃತ್ತಿಯಾದ ಮೇಲೆ ಕಾಕಾ ಹಳೇ ಪಟ್ಟಣದ ಬಜಾರಿನಿಂದ ಯಾರೋ ಬಳಸಿ ಬಿಟ್ಟ ದುರ್ಬೀನು ತಂದ. ಮನೆಯ ಹಿಂದೆ ಸ್ವಲ್ಪ ದೂರ ನಡೆದರೆ, ಗಾಜಿನ ಕಟ್ಟಡಗಳ ನಡುವೆ ಒಂದು ಕೆರೆಯಿದೆ. ಸುತ್ತಲಿನ ಗಟಾರದ ನೀರೆಲ್ಲ ಸೇರುವುದು ಅಲ್ಲಿಗೇ. ದಂಡೆಯ ಅಪಾರ್ಟ್‌ಮೆಂಟಿನವರು ಕೆರೆ ಕಾಣುತ್ತದೆಂದು ಹೆಚ್ಚು ಬೆಲೆ ಕೊಟ್ಟು ಮನೆ ಕೊಂಡವರು, ಗೃಹಪ್ರವೇಶದ ದಿನ ಮುಚ್ಚಿದ ಕಿಟಕಿಯನ್ನು ಇನ್ನೂ ತೆಗೆದಿಲ್ಲ! ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಆ ಕೆರೆಗೆ ಬರುತ್ತವೆ. ಅವುಗಳ ಎದುರು ದಿನಾ ಬೆಳಿಗ್ಗೆ ಕಲ್ಲಿನ ಮೇಲೆ ಸುಖವಾಗಿ ಕೂರಬಲ್ಲ ಮನುಷ್ಯ ಹೈದರಾಬಾದಿನಲ್ಲಿ ಒಬ್ಬನೇ. ಯಾರೆಂದು ಬೇರೆ ಹೇಳಬೇಕೆ?

ಒಮ್ಮೆ ನನ್ನ ಆಫೀಸಿನ ಗೆಳೆಯರು ಮೊಳದುದ್ದದ ಕ್ಯಾಮೆರಾ ಹಿಡಿದು ಹಕ್ಕಿ ನೋಡಲು ಬಂದರು. ಒಬ್ಬ ಮೂಗಿಗೆ ಕರವಸ್ತ್ರ ಹಿಡಿದ, ಇನ್ನೊಬ್ಬ ಬಿಚ್ಚಿದ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಂಡ, ಮೂರನೆಯವನು ಬೈಕಿನಿಂದ ಇಳಿಯಲೇ ಇಲ್ಲ. ಕಾಕಾನಿಗೆ ಸಿಟ್ಟು ಬಂತು.

"ಅವು ಹಿಮಾಲಯ ಹಾರಿ ಬಂದಾವು. ನಿಮಗ ಕೊಂಡಾಪುರದಿಂದ ಬಂದು ಕುಂದ್ರಾಕ ಆಗವಲ್ದೇನು?"

ಅವರು ಓಡಿಹೋದರು. ಮನೆಯವನಾದ ನಾನು ಎಲ್ಲಿಗೆ ಓಡಲಿ? ಕಾಕಾ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ಕೈಗಿಟ್ಟ. ಆ ಗಾಳಿಯಲ್ಲಿ ಪುಂಡಿಪಲ್ಯ ನುಂಗಿದವನನ್ನು ಇನ್ನು ಯಾವ ಮ್ಯಾನೇಜರನೂ ಹೆದರಿಸಲಾರ.

ಕಾಕಾನ ಆಸೆ ಒಂದೇ ಒಂದು. ಕಾಕು ಒಮ್ಮೆಯಾದರೂ ಬಂದು ಹೆಬ್ಬಾತುಗಳನ್ನು ನೋಡಬೇಕು. ಪಾಳಿ ಕೆಲಸದಲ್ಲಿ ಜೀವನ ಕಳೆದು, ಹೆಂಡತಿಯನ್ನು ಎಲ್ಲಿಗೂ ಕರೆದೊಯ್ಯಲಿಲ್ಲವೆಂಬ ಕೊರಗು ಅವನಿಗೆ. ಹಾಗೆಂದು ಈ ಕೆರೆಗೇ ಕರೆಯಬೇಕೆ ಎಂದು ನಾನು ಕೇಳಿದರೆ, "ಪರದೇಶ ತೋರಸೂದು ನನ್ನ ಕೈಲೆ ಆಗಂಗಿಲ್ಲೋ. ಪರದೇಶದ ಹಕ್ಕಿ ತೋರಸಬಹುದಲ್ಲ?" ಅಂದ.

ಕಾಕುವಿನ ಉತ್ತರ ಸಿದ್ಧವಿತ್ತು. ಕೆರೆಯಿಂದ ಬಂದ ಗಂಡನನ್ನು ಬಾಗಿಲ ಹೊರಗೇ ನಿಲ್ಲಿಸಿ, ಒಂದು ಬಕೆಟ್ ನೀರು ಮುಂದಿಟ್ಟು ಅನ್ನುತ್ತಿದ್ದಳು: "ನೀವು ಬಂದ್ರ ಅರ್ಧ ಕೆರಿ ನಿಮ್ಮ ಜೋಡಿ ಮನಿಗೆ ಬರತೈತಿ. ಅದನ್ನ ನೋಡಾಕ ನಾ ಮತ್ತ ಅಲ್ಲೀಮಟ ಯಾಕ ಬರ್ಲಿ?"

ಕಾಕಾ ಫೋನಿನಲ್ಲಿ ಚಿತ್ರ ತೆಗೆದು ತಂದ. ಕಾಕು ಕನ್ನಡಕ ಏರಿಸಿ ನೋಡಿ, "ಇದು ಸೊಳ್ಳಿರಿ" ಎಂದು ತೀರ್ಪು ಕೊಟ್ಟಳು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಹೆಬ್ಬಾತುಗಳು ಗುಂಪುಗುಂಪಾಗಿ ಉತ್ತರಕ್ಕೆ ಹೊರಟು, ಕೊನೆಗೆ ಒಂದು ಜೋಡಿ ಮಾತ್ರ ಉಳಿಯಿತು. ಕಾಕಾ ಕರೆಯುವುದನ್ನೇ ಬಿಟ್ಟ. ಒಂದು ಭಾನುವಾರ ಅವನು ದುರ್ಬೀನು ಕೊರಳಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದಾಗ, ಕಾಕು ಡಬ್ಬಿ ಹಿಡಿದು ಹಿಂದೆಯೇ ಬಂದಳು. ಸೆರಗಿನ ತುದಿಯಲ್ಲಿ ಕರ್ಪೂರದ ಗಂಟಿತ್ತು.

"ನಡೀರಿ, ನಿಮ್ಮ ಬೀಗರನ್ನ ನೋಡೂಣು."

ಕಾಕಾ ಎಡದ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡೇ ಹೊರಟುಬಿಟ್ಟ.

ನಾನೂ ಜೊತೆಗೆ ಹೊರಟೆ. ದಾರಿಯುದ್ದಕ್ಕೂ ಕಾಕು ಕರ್ಪೂರದ ಗಂಟನ್ನು ಮೂಗಿನಿಂದ ಇಳಿಸಲಿಲ್ಲ. ಕಲ್ಲಿನ ಮೇಲೆ ಕುಳಿತ ಮೇಲೆ ಕಾಕಾ ದುರ್ಬೀನು ಕೊಟ್ಟ. ಅದನ್ನು ಹಿಡಿಯಲು ಎರಡು ಕೈ ಬೇಕಲ್ಲ! ಕಾಕು ಒಂದು ಕ್ಷಣ ತಡೆದು ಸೆರಗು ಬಿಟ್ಟಳು. ನಾನು ಕರವಸ್ತ್ರವನ್ನು ಇನ್ನೊಂದು ಮಡಿಕೆ ಮಡಿಸಿ ಮೂಗಿಗೆ ಒತ್ತಿಕೊಂಡೆ.

"ತಲಿ ಮ್ಯಾಲ ಎರಡು ಕರೇ ಪಟ್ಟಿ ಅದಾವ್ರಿ," ಅಂದಳು ಕಾಕು. "ಒಂದು ಎತ್ತಾಗ ಹೋದ್ರ ಇನ್ನೊಂದೂ ಅತ್ತಾಗ ಹೋಗಾಕತ್ತೈತಿ."

ಕಾಕಾ ಹಕ್ಕಿಗಳನ್ನು ನೋಡುತ್ತಿರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ಅಳುಕುತ್ತ ಕೇಳಿದ: "ಖರೇ ಹೇಳು. ಭಾಳ ನಾರತೈತೇನು? ನನಗ ತಿಳಿಯಂಗಿಲ್ಲ ನೋಡು."

ಕೆಳಮನೆಯ ಹಾಲು ಸೀದರೆ ತಿಳಿಯುವ ಕಾಕು, ದುರ್ಬೀನು ಇಳಿಸಿ, ಎದೆ ತುಂಬ ಉಸಿರು ಎಳೆದುಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು.

"ಏನ್ ಘಮಘಮ ಅಂತೈತ್ರಿ," ಅಂದಳು.

ಕಾಕಾ ಬೆಪ್ಪಾಗಿ ಅವಳನ್ನು ನೋಡಿದ. ಬರೀ ನೀರು ಕುದಿಯುತ್ತಿದ್ದ ಆ ಪಾತ್ರೆ ನನಗೆ ನೆನಪಾಯಿತು. ಮೂಗಿಗೆ ಹಿಡಿದಿದ್ದ ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡೆ.

ಕಾಕಾ ಡಬ್ಬಿ ಬಿಚ್ಚಿ ಮೊದಲ ರೊಟ್ಟಿಯನ್ನು ಅವಳ ಕೈಗೆ ಕೊಟ್ಟ. ಕಾಕು ಕೆರೆಯ ಕಡೆ ಮುಖಮಾಡಿ ಕುಳಿತು ಅದನ್ನು ಪೂರ್ತಿ ತಿಂದಳು.