ಅಲ್ ಗರಾಫಾದ ಆಸ್‌ಗ್ಲೈಖ್

ಇಬ್ಬರು ಹೆಂಗಸರ ಜಗಳ ಬಿಡಿಸುವುದು ದೊಡ್ಡ ಕೆಲಸವೇನಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗ ನನ್ನ ತಲೆಯಲ್ಲಿ ಕೂದಲೂ ಇತ್ತು.

ತೊಂಬತ್ತರ ದಶಕದ ಮಾತು. ಕತಾರಿನ ಅಲ್ ಗರಾಫಾದಲ್ಲಿ ಒಂದು ವಿಲ್ಲಾಕ್ಕೆ ಮಾಲೀಕರು ನಡುವೆ ಜಿಪ್ಸಮ್ ಹಲಗೆಯ ಗೋಡೆ ನಿಲ್ಲಿಸಿ ಎರಡು ಮನೆ ಮಾಡಿದ್ದರು. ಈ ಕಡೆ ನಾನು ಮತ್ತು ನನ್ನ ಹೆಂಡತಿ ವಸಂತಿ. ಆ ಕಡೆ ಬಂಟ್ವಾಳದ ಇಬ್ರಾಹಿಂ ಮತ್ತು ಅವನ ಹೆಂಡತಿ ಜುಬೈದಾ. ಆರು ವರ್ಷ ಬ್ಯಾಚುಲರ್ ರೂಮಿನಲ್ಲಿ ಒಣ ಕುಬ್ಬೂಸ್ ರೊಟ್ಟಿ ತಿಂದ ಮೇಲೆ ನನಗೆ ಫ್ಯಾಮಿಲಿ ವೀಸಾ ಸಿಕ್ಕಿತ್ತು. ವಸಂತಿಗೆ ಇಲ್ಲಿ ಪರಿಚಯದವರು ಯಾರೂ ಇರಲಿಲ್ಲ. ನಾನು ಆಫೀಸಿಗೆ ಹೋದ ಮೇಲೆ ಅವಳಿಗೆ ಇದ್ದವಳು ಜುಬೈದಾ ಒಬ್ಬಳೇ. ಇಲ್ಲಿಂದ ಗೋಳಿಬಜೆ ಹೋಗುತ್ತಿತ್ತು, ಅದೇ ಪಾತ್ರೆಯಲ್ಲಿ ಅಲ್ಲಿಂದ ತೆಳ್ಳನೆಯ ಅಕ್ಕಿ ರೊಟ್ಟಿ, ಪತ್ತಿರಿ, ಬರುತ್ತಿತ್ತು. ಪಾತ್ರೆ ಖಾಲಿಯಾಗಿ ಹಿಂತಿರುಗಿದ್ದೇ ಇಲ್ಲ.

ಹೀಗಿರುವಾಗ ನಾನೂ ಇಬ್ರಾಹಿಮೂ ಸೇರಿ ತಾರಸಿಯ ಮೇಲೆ ಡಿಶ್ ಹಾಕಿಸಿದೆವು. ಎರಡು ಮನೆಗೆ ಒಂದು ಡಿಶ್, ಒಂದು ರಿಸೀವರ್. ರಿಸೀವರ್ ನಮ್ಮ ಮನೆಯಲ್ಲಿ. ನಾವು ಹಾಕಿದ ಚಾನೆಲ್ಲೇ ಅವರ ಟಿವಿಯಲ್ಲೂ ಬರಬೇಕು. ಬುದ್ಧಿವಂತರ ಏರ್ಪಾಡು ಎಂದು ಬೆನ್ನು ತಟ್ಟಿಕೊಂಡೆವು.

ಊರಿನ ರಾತ್ರಿ ಒಂಬತ್ತು ಎಂದರೆ ನಮ್ಮಲ್ಲಿ ಸಂಜೆ ಆರೂವರೆ. ಆ ಹೊತ್ತಿಗೆ ಜುಬೈದಾಳ ಹಿಂದಿ ಧಾರಾವಾಹಿ. ಅದೇ ಹೊತ್ತಿಗೆ ವಸಂತಿಯ ಕನ್ನಡ ಧಾರಾವಾಹಿ. ಒಂದು ಸಂಜೆ, ಹಿಂದಿಯ ನಾಯಕಿ ವಿಷದ ಲೋಟವನ್ನು ತುಟಿಗೆ ಇಟ್ಟ ಕ್ಷಣದಲ್ಲೇ ವಸಂತಿ ಚಾನೆಲ್ ಬದಲಾಯಿಸಿದಳು. ಗೋಡೆಯ ಆಚೆಯಿಂದ ದಡದಡ ಗುದ್ದು ಬಿತ್ತು. ಈಚೆಯಿಂದಲೂ ಬಿತ್ತು. ಮರುದಿನ ನಮ್ಮ ಪಾತ್ರೆ ವಾಪಸು ಬಂತು. ತೊಳೆದು, ಒರೆಸಿ, ಖಾಲಿ!

"ನಂಗೆ ಇಲ್ಲಿ ಎಂತ ಉಂಟು? ಗೋಡೆ ನೋಡ್ಕೊಂಡು ಕೂತ್ಕೊಳ್ಳಿಕ್ಕೆ ಊರಲ್ಲೇ ಆಗ್ತಿತ್ತು," ಎಂದಳು ವಸಂತಿ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮತ್ತೆ ಆ ಬ್ಯಾಚುಲರ್ ರೂಮು ಕಣ್ಣ ಮುಂದೆ ಬಂತು.

ವೆಸ್ಟ್ ಬೇಯ ನಮ್ಮ ಆಫೀಸಿನಲ್ಲಿ ವಿಯೆನ್ನಾದ ಕಾರ್ಲ್ ಎಂಬ ಎಂಜಿನಿಯರ್ ಇದ್ದ. ನನ್ನ ಕಷ್ಟ ಕೇಳಿ, "ಇದಕ್ಕೆ ನಮ್ಮಲ್ಲಿ ಆಸ್‌ಗ್ಲೈಖ್ ಮಾಡಿದ್ದರು," ಎಂದ. ಸಾವಿರದ ಎಂಟುನೂರ ಅರವತ್ತೇಳರಲ್ಲಿ ಆಸ್ಟ್ರಿಯಾ ಮತ್ತು ಹಂಗೆರಿಯವರು ಮಾಡಿಕೊಂಡ ರಾಜಿಯಂತೆ ಅದು. ಇಂಗ್ಲಿಷ್ ಚರಿತ್ರೆ ಪುಸ್ತಕಗಳೂ ಅದನ್ನು ಅದೇ ಜರ್ಮನ್ ಹೆಸರಿನಿಂದ ಕರೆಯುತ್ತವಂತೆ. ಎರಡು ರಾಜ್ಯ, ಎರಡು ಸಂಸತ್ತು; ಆದರೆ ಸಾಮ್ರಾಟ ಒಬ್ಬನೇ, ಸೈನ್ಯ, ವಿದೇಶ ವ್ಯವಹಾರದಂಥ ಕೆಲವು ಸಂಗತಿ ಮಾತ್ರ ಒಟ್ಟಿಗೆ. ಕೊನೆಗೆ ಏನಾಯಿತು ಎಂದು ಅವನು ಹೇಳಲು ಹೊರಟಿದ್ದ. ನಾನು ಕೇಳಿಸಿಕೊಳ್ಳಲಿಲ್ಲ. ಸಾಮ್ರಾಟ ಎಂಬ ಮಾತಿಗೇ ನನ್ನ ಕಿವಿ ಮುಚ್ಚಿಹೋಗಿತ್ತು!

ಅಂದು ಸಂಜೆಯೇ ವಸಂತಿಗೆ ಆಸ್‌ಗ್ಲೈಖ್ ವಿವರಿಸಿ, ಎರಡೂ ಮನೆಗೆ ಹೋಗಿ ಘೋಷಿಸಿದೆ. ಡಿಶ್ ಮತ್ತು ರಿಸೀವರ್ ಉಭಯ ರಾಜ್ಯಗಳ ಸಮಾನ ಆಸ್ತಿ. ಬೆಸ ತಾರೀಕು ಜುಬೈದಾಳದು, ಸಮ ತಾರೀಕು ವಸಂತಿಯದು. ರಿಮೋಟ್ ಸಾಮ್ರಾಟನ ವಶದಲ್ಲಿ, ಅಂದರೆ ನನ್ನ ವಶದಲ್ಲಿ!

"ಅಲ್ಲ ಭಾಸ್ಕರಣ್ಣ, ನಂಗೆ ಕ್ರಿಕೆಟ್ ನೋಡ್ಲಿಕ್ಕೆ ಯಾವ ತಾರೀಕು?" ಎಂದು ಇಬ್ರಾಹಿಂ ಕೇಳಿದ.

"ಅದು ಆಮೇಲೆ ನೋಡುವ," ಎಂದೆ.

ನ್ಯಾಯಕ್ಕೆ ಭಂಗ ಬರಬಾರದೆಂದು ಮರುದಿನ ರಿಮೋಟನ್ನು ಬ್ಯಾಗಿಗೆ ಹಾಕಿಕೊಂಡೇ ಆಫೀಸಿಗೆ ಹೋದೆ. ಹಾಳು ರಿಸೀವರಿನ ಬಟನ್ ಮೊದಲೇ ಒಳಗೆ ಕೂತುಬಿಟ್ಟಿತ್ತು, ರಿಮೋಟ್ ಇಲ್ಲದೆ ಚಾನೆಲ್ ಬದಲಿಸುವಂತಿರಲಿಲ್ಲ. ಆ ದಿನವೇ ಓವರ್‌ಟೈಮ್! ಬೆಳಿಗ್ಗೆ ನಾನು ಬಿಟ್ಟುಹೋದ ಚಾನೆಲ್ಲಿನಲ್ಲಿ ಒಂಟೆ ಓಟ ನಡೆಯುತ್ತಿತ್ತು. ಸಂಜೆಯೂ ಅದೇ ನಡೆಯಿತು. ಎರಡೂ ರಾಜ್ಯದ ಪ್ರಜೆಗಳು ಧಾರಾವಾಹಿಯ ಹೊತ್ತಿನಲ್ಲಿ ಒಂಟೆ ನೋಡಿದರು. ನಾನು ಮನೆಗೆ ಬಂದಾಗ ವಸಂತಿ, "ಕಂದು ಒಂಟೆ ಗೆದ್ದಿತು," ಎಂದಷ್ಟೇ ಹೇಳಿ ಒಳಗೆ ಹೋದಳು.

ಆಮೇಲೆ ಕೆಲವು ದಿನ ಹೇಗೋ ನಡೆಯಿತು. ಮೂವತ್ತೊಂದನೆಯ ತಾರೀಕು ಬಂತು. ಬೆಸ, ಜುಬೈದಾಳ ದಿನ. ಮರುದಿನ ಒಂದನೆಯ ತಾರೀಕು. ಅದೂ ಬೆಸ! ಇಷ್ಟು ದೊಡ್ಡ ಸಾಮ್ರಾಟನಿಗೆ ಕ್ಯಾಲೆಂಡರ್ ನೋಡಲು ಹೊಳೆದಿರಲಿಲ್ಲ.

"ಅವಳಿಗೆ ಎರಡು ದಿನ, ನಂಗೆ ಖಲಾಸ್. ಇದಾ ನಿಮ್ಮ ನ್ಯಾಯ?" ಎಂದ ವಸಂತಿ ಸ್ಟೂಲ್ ಹತ್ತಿ ಕಪಾಟಿನ ಮೇಲಿದ್ದ ಸೂಟ್‌ಕೇಸನ್ನು ಇಳಿಸಿದಳು. "ಟಿಕೆಟ್ ಮಾಡ್ಸಿ. ನಾನು ಊರಿಗೆ ಹೋಗ್ತೇನೆ."

ಟಿಕೆಟ್ ಮಾಡಿಸುವ ಬದಲು ನಾನು ಆ ಸೂಟ್‌ಕೇಸಿನ ಪಕ್ಕದಲ್ಲೇ ಯೋಚಿಸಲು ಕೂತೆ. ಎಲ್ಲಕ್ಕೂ ಮೂಲ, ರಿಸೀವರ್ ಒಂದೇ ರಾಜ್ಯದಲ್ಲಿ ಇರುವುದು ಎಂದು ತೀರ್ಮಾನಿಸಿದೆ. ಅದು ಗಡಿಯ ಮೇಲೆ ಇರಬೇಕು! ಗೋಡೆಯಲ್ಲಿ ಒಂದು ಚೌಕ ತೂತು, ಅದರೊಳಗೆ ರಿಸೀವರ್, ಎರಡೂ ಕಡೆಗೆ ಒಂದೊಂದು ರಿಮೋಟ್. ಶುಕ್ರವಾರ, ಅಂದರೆ ಅಲ್ಲಿನ ವಾರದ ರಜೆಯ ದಿನ, ಗರಗಸ ಹಿಡಿದೆ.

"ಜಾಗ್ರತೆ ಭಾಸ್ಕರಣ್ಣ, ಏಸಿ ನೀರು ಬಿದ್ದು ಆ ಹಲಗೆ ನೆನೆದಿದೆ," ಎಂದು ಇಬ್ರಾಹಿಂ ಆಚೆಯಿಂದ ಕೂಗಿದ.

"ಮಾಫಿ ಮುಶ್ಕಿಲ್!" ಎಂದೆ. ತೊಂದರೆಯೇ ಇಲ್ಲ ಎಂದು ಅರಬ್ಬಿಯಲ್ಲಿ ಹೇಳಿದರೆ ತೊಂದರೆ ಬೇಗ ಬರುತ್ತದೆ ಎಂದು ಆಗ ತಿಳಿದಿರಲಿಲ್ಲ.

ತೂತು ಕೊರೆದು ರಿಸೀವರನ್ನು ಅದರಲ್ಲಿ ಕೂರಿಸಿ, ಕೈ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಅಂದ ನೋಡಿದೆ. ಹಲಗೆ ಕಿರ್ ಎಂದಿತು. ಮರುಕ್ಷಣ ಗೋಡೆಯ ನಡುಭಾಗವೇ ಆಚೆ ಕುಸಿಯಿತು. ರಿಸೀವರ್ ವೈರು ಕಿತ್ತುಕೊಂಡು ಹಾರಿ, ಜುಬೈದಾ ನೆಲ ಒರೆಸಲು ಇಟ್ಟಿದ್ದ ಬಕೆಟ್ಟಿನೊಳಗೆ ಬುಳುಕ್ಕೆಂದು ಮುಳುಗಿತು. ಎರಡೂ ಟಿವಿಗಳು ಒಟ್ಟಿಗೆ ಕಣ್ಣು ಮುಚ್ಚಿದವು. ಸಮಾನತೆ ಎಂದರೆ ಅದು!

ಧೂಳು ಇಳಿದಾಗ ಗೋಡೆಯಲ್ಲಿ ಕಿಟಕಿಯಷ್ಟು ದೊಡ್ಡ ತೂತಿತ್ತು. ಆಚೆ ಜುಬೈದಾ, ಈಚೆ ವಸಂತಿ, ನಡುವೆ ಅಡಿಯಿಂದ ಮುಡಿಯವರೆಗೆ ಬಿಳಿಯಾದ ನಾನು.

"ವಸಂತಕ್ಕ, ಇವರಿಗೆ ಎಂತ ಆಗಿದೆ?" ಎಂದು ಜುಬೈದಾಳೇ ಮೊದಲು ಕೇಳಿದಳು.

"ಆಸ್‌ಗ್ಲೈಖ್ ಅಂತೆ ಮಾರಾಯ್ತಿ."

"ಅಲ್ಲಾ! ಅದಕ್ಕೆ ಮದ್ದು ಇಲ್ವಾ?"

ವಸಂತಿ ಫಕ್ಕನೆ ನಕ್ಕಳು. ಜುಬೈದಾಳೂ ನಕ್ಕಳು. ಆಮೇಲೆ ಇಬ್ಬರೂ ಕಣ್ಣು ಒರೆಸಿಕೊಂಡರು, ಮತ್ತೆ ನನ್ನನ್ನು ನೋಡಿ ಮತ್ತೆ ನಕ್ಕರು. ಸಂಜೆ ಆ ತೂತಿನಿಂದಲೇ ಪಾತ್ರೆ ಬಂತು. ಅದರಲ್ಲಿ ಬಿಸಿ ಪತ್ತಿರಿ ಇತ್ತು. "ಇದನ್ನು ಮೇಲೆ ಇಡಿ," ಎಂದು ವಸಂತಿ ಸೂಟ್‌ಕೇಸ್ ತೋರಿಸಿದಳು. ಅಷ್ಟು ಸಂತೋಷದಿಂದ ನಾನು ಜನ್ಮದಲ್ಲಿ ಯಾವ ಪೆಟ್ಟಿಗೆಯನ್ನೂ ಎತ್ತಿರಲಿಲ್ಲ.

ಆ ಧೈರ್ಯದಲ್ಲೇ ಕೇಳಿದೆ: "ಹಾಗಾದರೆ ನಾಳೆ ಹೊಸ ರಿಸೀವರ್ ತರಲಾ?"

"ಬೇಡ!" ಎಂದವು ಎರಡೂ ಕಡೆಯ ಸಂಸತ್ತುಗಳು ಒಂದೇ ಸ್ವರದಲ್ಲಿ.

"ಯಾಕೆ?"

"ರಿಸೀವರ್ ಬಂದ್ರೆ ಜಗಳ ಬರ್ತದೆ," ಎಂದಳು ಜುಬೈದಾ.

"ಜಗಳ ಬಂದ್ರೆ ಅಡ್ಡಿಯಿಲ್ಲ," ಎಂದಳು ವಸಂತಿ. "ಮತ್ತೆ ಇವರು ರಾಜಿ ಮಾಡಿಸ್ಲಿಕ್ಕೆ ಬರ್ತಾರಲ್ಲ!"

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಶಾರ್ಜಾದ ಮ್ಯಾಚಿನ ಸ್ಕೋರಿಗಾಗಿ ಇಬ್ರಾಹಿಂ ಟ್ರಾನ್ಸಿಸ್ಟರ್ ತಿರುಗಿಸುತ್ತಿದ್ದ. ಸಾಮ್ರಾಟನಿಗೆ ಕೂರಲು ಅವನು ಸ್ವಲ್ಪ ಸರಿದು ಜಾಗ ಕೊಟ್ಟ.