ಮಾವನ ಒಲೆ ತಪಾಸಣೆ

ಸ್ವತಂತ್ರ ಭಾರತಕ್ಕೆ ಎಷ್ಟು ಉರುವಲು ಬೇಕು ಎಂದು ಮೊಟ್ಟಮೊದಲು ಲೆಕ್ಕ ಹಾಕಿದವರು ದಿಲ್ಲಿಯ ಪಂಡಿತರಲ್ಲ, ಬೆಟಗೇರಿಯ ನನ್ನ ಸೋದರಮಾವ! ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಸ್ವಾತಂತ್ರ್ಯವೇನೋ ಬಂದಿತ್ತು, ಚಿಮಣಿ ಎಣ್ಣೆ ಬರುತ್ತಿರಲಿಲ್ಲ. ಅಂಗಡಿ ಮುಂದೆ ಡಬ್ಬಿ ಹಿಡಿದು ನಿಂತವರಿಗೆಲ್ಲ ಮಾವನ ಭಾಷಣ: “ಪರದೇಶದ ಹಡಗ ತಡಾ ಆದ್ರ ನಮ್ಮ ದೀಪ ಆರತೈತಿ. ಎಷ್ಟ ದಿನಾ ಮಂದಿ ಮುಂದ ಕೈ ಒಡ್ಡೋದರಿ?” ಅಲ್ಲಿಂದ ಸೀದಾ ಯಾರದೋ ಅಡುಗೆಮನೆಗೆ ನುಗ್ಗಿ ಒಲೆಯೊಳಗೆ ಇಣುಕುವುದು. ಬೆಟಗೇರಿ ಮುಗಿಸಿ ಕಳಸಾಪುರ, ಅಸುಂಡಿಯ ಒಲೆಗಳನ್ನೂ ನೋಡಿ ಬಂದ. ದೇಶದ ಬೇಡಿಕೆ ತಿಳಿಯಬೇಕಲ್ಲ!

ತನಗೆ ಹೆಣ್ಣು ನೋಡಲು ಲಕ್ಷ್ಮೇಶ್ವರಕ್ಕೆ ಹೋದಾಗಲೂ ಅಷ್ಟೇ. ಹುಡುಗಿ ಅವಲಕ್ಕಿ ತಂದಿಟ್ಟಳು. ಇವನು ಹೆಸರು ಕೇಳಲಿಲ್ಲ, ಹಾಡು ಕೇಳಲಿಲ್ಲ. “ಒಂದು ಬುಟ್ಟಿ ಕುಳ್ಳಿನಾಗ ಎಷ್ಟು ರೊಟ್ಟಿ ಸುಡ್ತೀರಿ?” ಎಂದ. ಅವಳು ತಲೆ ಎತ್ತದೆ, “ನಿಮಗ ಹೇಣ್ತಿ ಬೇಕೋ, ಒಲಿ ಬೇಕೋ?” ಎಂದಳು. ಮಾವ ಯೋಚನೆಗೆ ಬಿದ್ದ. ಅಲ್ಲಿಗೆ ಸಂಬಂಧ ಮುರಿಯಿತು!

ಮದುವೆ ತಪ್ಪಿತು, ದೇಶಸೇವೆಗೆ ಪೂರ್ತಿ ಬಿಡುವಾಯಿತು. ನಮ್ಮ ಮನೆಯ ಹಿತ್ತಲಲ್ಲಿ ಶೇಂಗಾ ಸಿಪ್ಪೆ ಉರಿಸುವ ಒಲೆ ಕಟ್ಟಿದ. ಉರಿ ಕಾಣಲಿಲ್ಲ, ಹೊಗೆ ಮಾತ್ರ ಓಣಿ ತುಂಬಿತು. ಪಕ್ಕದ ಮನೆಯ ನೇಕಾರ ಕೆಮ್ಮುತ್ತ ಬಂದು, “ಹಳದಿ ಸೀರಿ ನೇಯಾಕ ಕುಂತಿದ್ದೆ ಮಾರಾಯ, ಏಳೂದರಾಗ ಕರೀದಾತು!” ಎಂದ. ಗದಗಿನ ಏಕೀಕರಣದ ಸಭೆಯಲ್ಲೂ ಮಾವ ಎದ್ದು ನಿಂತ: “ನಾಡು ಒಂದಾದ್ರ ಜೋಗದ ಕರೆಂಟ್ ನಮ್ಮ ಓಣಿಗೆ ಬರತೈತೋ ಇಲ್ಲೋ, ಅದನ್ನ ಮೊದಲ ಹೇಳ್ರಿ!” ಅಧ್ಯಕ್ಷರು ಕೈ ಮುಗಿದು, “ಮೊದಲ ನಾಡು ಬರಲಿ, ನೀವು ಕುಂಡ್ರಿ” ಎಂದರು.

ಆ ಮಳೆಗಾಲ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ದಿನ ತುಂಬುವ ಮೊದಲೇ ಮಗಳು ಹುಟ್ಟಿದಳು. ಬೊಗಸೆಯಷ್ಟು ಜೀವ, ಮೈಯೆಲ್ಲ ತಣ್ಣಗೆ. “ಮಂಚದ ಕೆಳಗಿನ ಕೆಂಡ ಆರಬಾರದು. ಆರಿದ್ರ ಕೂಸು ಉಳಿಯಂಗಿಲ್ಲ” ಎಂದಳು ಸೂಲಗಿತ್ತಿ. ಹೊರಗೆ ಜಡಿಮಳೆ. ದೇಶಕ್ಕೆಲ್ಲ ದಾರಿ ತೋರಿಸಿದ ಮಾವ ಹಿತ್ತಲಲ್ಲಿ ಒಟ್ಟಿದ್ದ ಕುಳ್ಳು ತೊಯ್ದು ಮತ್ತೆ ಸಗಣಿಯಾಗಿತ್ತು!

ದೀಪ ಹಚ್ಚುವ ಹೊತ್ತಿಗೆ ನಮ್ಮ ಒಲೆ ಆರಿತು. ಆ ಹೊತ್ತಿನಲ್ಲಿ ನಮ್ಮ ಕಡೆ ಯಾರೂ ಮನೆಯ ಬೆಂಕಿಯನ್ನು ಹೊರಗೆ ಕೊಡುವುದಿಲ್ಲ. ಕೊಟ್ಟರೆ ಲಕ್ಷ್ಮಿಯೂ ಅದರ ಜೊತೆ ಹೋದಳೆಂದೇ ಅರ್ಥ. ಗೊತ್ತಿದ್ದೂ ಮಾವ ರೊಟ್ಟಿ ಹಂಚು ಹಿಡಿದು ನೇಕಾರನ ಬಾಗಿಲಲ್ಲಿ ನಿಂತ. “ಕೂಸು ತಣ್ಣಗಾಗಾಕ ಹತ್ತೈತವ್ವಾ” ಎಂದನಂತೆ, ಅಷ್ಟೇ. ನೇಕಾರನ ಹೆಂಡತಿ ಒಳಗಿನ ದೇವರ ಜಗಲಿಯತ್ತ ಒಮ್ಮೆ ನೋಡಿದಳು. ಆಮೇಲೆ ಒಲೆಯ ಕೆಂಡವನ್ನೆಲ್ಲ ಬಳಿದು ಹಂಚಿಗೆ ಸುರಿದಳು. ಒಬ್ಬಳು ಕೊಟ್ಟದ್ದೇ ತಡ, ಮಳೆ ನಿಲ್ಲುವವರೆಗೂ ಓಣಿಯ ಮನೆ ಮನೆ ಕೊಟ್ಟಿತು. ಹೊತ್ತು ತಂದವನು ಮಾವ.

ಪುರುಡು ಕಳೆದ ದಿನ ಅವನು ಬಾಣಂತಿ ಕೋಣೆಗೆ ಬಂದ. ಕಾದ ಹಂಚು ಹೊತ್ತ ಅಂಗೈಗಳ ತುಂಬ ಬೊಬ್ಬೆ. ಕೂಸನ್ನು ಎತ್ತಿಕೊಳ್ಳಲಾಗದೆ ಮುಂಗೈಯನ್ನು ಮೆಲ್ಲಗೆ ಅದರ ಪಾದಕ್ಕೆ ತಾಗಿಸಿದ.

“ಬೆಚ್ಚಗ ಅದಾಳ” ಎಂದ. ನಾನು ಮಲಗಿದ್ದಲ್ಲಿಂದಲೇ ಅವನಿಗೆ ಕೈ ಮುಗಿದೆ.