ಶಿಗ್ಗಾವಿಯ ಮಾಳಿಗೆಯ ಮೇಲೆ ಬಿದ್ದ ಮಳೆ

ಮಳೆಮಾಪಕದೊಳಗೆ ಆಕಾಶವನ್ನು ಹೊರತುಪಡಿಸಿ ಬೇರೆ ಯಾರೂ ನೀರು ಹಾಕತಕ್ಕದ್ದಲ್ಲ. ಮೇಘಯಾನ ವಿಮಾನ ಸಂಸ್ಥೆಯ ‘ಹವಾಮಾನ ಮುಂಗಡ ಯೋಜನೆ’ಯ ಹನ್ನೆರಡನೆಯ ನಿಯಮವಿದು. ಸಂಸ್ಥೆಯ ಶಿಗ್ಗಾವಿ ಟಿಕೆಟ್ ಕಚೇರಿಯ ಗೋಡೆಯ ಮೇಲೆ ಉಳಿದ ನಿಯಮಗಳ ಜೊತೆ ಇದನ್ನೂ ಕೆಂಪು ಅಕ್ಷರಗಳಲ್ಲಿ ಬರೆಸಲಾಗಿದೆ. ಅದರ ಕೆಳಗೆ ನೀರಿನ ಕ್ಯಾನ್ ಮತ್ತು ಚಹಾದ ಕಪ್ಪುಗಳನ್ನು ಇಡಲಾಗಿದೆ.

ಯೋಜನೆ ಸರಳವಾದುದು. ಹಾನಗಲ್ಲ, ಸವಣೂರು, ಹಿರೇಕೆರೂರು, ಶಿಗ್ಗಾವಿ ತಾಲೂಕುಗಳ ಪ್ರಯಾಣಿಕರು ಮೊದಲು ಈ ಕಚೇರಿಗೆ ಬರಬೇಕು. ಮಾಳಿಗೆಯ ಮೇಲಿನ ಮಳೆಮಾಪಕ ಖಾಲಿಯಿದ್ದರೆ ಸಂಸ್ಥೆಯ ಬಸ್ಸು ಅವರನ್ನು ಹುಬ್ಬಳ್ಳಿಯ ವಿಮಾನಕ್ಕೆ ಮುಟ್ಟಿಸುತ್ತದೆ. ನೀರು ಮಾಪಕದ ಕೆಂಪು ಗೆರೆ ಮುಟ್ಟಿದ್ದರೆ ಅದು ಭಾರೀ ಮಳೆ; ವಿಮಾನ ರದ್ದು. ಮಳೆ ದೇವರ ಕೆಲಸವಾದ್ದರಿಂದ ಸಂಸ್ಥೆ ಅದಕ್ಕೆ ಜವಾಬ್ದಾರಿಯಲ್ಲ. ಆದರೂ ಸೌಜನ್ಯಕ್ಕಾಗಿ ತಿನ್ನಲು ಮಂಡಕ್ಕಿ ಗಿರ್ಮಿಟ್, ಮಿರ್ಚಿ ಭಜಿ ಮತ್ತು ಎರಡು ದಿನ ಎ.ಸಿ. ಲಾಡ್ಜು ಒದಗಿಸುತ್ತದೆ. ಮಳೆಯಿಲ್ಲದೆ ವಿಮಾನ ನಿಂತರೆ ಮಾತ್ರ ತಪ್ಪು ಸಂಸ್ಥೆಯದು. ಆಗ ಪ್ರಯಾಣಿಕರನ್ನು ಅದೇ ದಿನ ಬೇರೆ ಕಂಪನಿಯ ವಿಮಾನದಲ್ಲಿ ಕೂರಿಸಿ ಕಳಿಸಬೇಕು. ಯೋಜನೆ ಜಾರಿಗೆ ಬಂದಾಗಿನಿಂದ ಇಂಥ ತಪ್ಪು ಒಮ್ಮೆಯೂ ಆಗಿಲ್ಲ. ಮಳೆ ಮಾತ್ರ ಚೆನ್ನಾಗಿ ಆಗಿದೆ.

ಮಾರ್ಚ್ ತಿಂಗಳ ಆ ಬೆಳಿಗ್ಗೆ ಹೈದರಾಬಾದಿಗೆ ಹೋಗುವವರು ಬಂದು ಕೂತಿದ್ದಾಗ ವ್ಯವಸ್ಥಾಪಕ ಫಕ್ಕೀರೇಶನಿಗೆ ಮೇಲಿನವರಿಂದ ಫೋನ್ ಬಂತು. ವಿಮಾನವನ್ನು ಯಾರದೋ ಮದುವೆಯ ದಿಬ್ಬಣಕ್ಕೆ ಬಾಡಿಗೆ ಕೊಡಲಾಗಿತ್ತು. ಫಕ್ಕೀರೇಶ ಫೋನ್ ಇಟ್ಟು, ಕಿಟಕಿಯಾಚೆಯ ಉರಿಬಿಸಿಲನ್ನು ಒಮ್ಮೆ ನೋಡಿ, ಮೈಕ್ ಹಿಡಿದ.

“ಮಾನ್ಯ ಪ್ರಯಾಣಿಕರೇ, ಶಿಗ್ಗಾವಿಯಲ್ಲಿ ಭಾರೀ ಮಳೆಯಾಗಬೇಕಾಗಿರುವುದರಿಂದ ತಾವೆಲ್ಲರೂ ದಯವಿಟ್ಟು ಸಹಕರಿಸಬೇಕು.”

ಸಹಕಾರದ ಪದ್ಧತಿ ಎಲ್ಲರಿಗೂ ಗೊತ್ತಿತ್ತು. ಪ್ರಯಾಣಿಕರು ಸಾಲಾಗಿ ಮಾಳಿಗೆ ಹತ್ತಿ, ತಲಾ ಒಂದು ಕಪ್ಪು ನೀರನ್ನು ಮಾಪಕಕ್ಕೆ ಸುರಿದು ಬರತಕ್ಕದ್ದು. ಒಬ್ಬರು ಎರಡು ಕಪ್ಪು ಸುರಿಯುವಂತಿಲ್ಲ. ಅದು ಮೋಸವಾಗುತ್ತದೆ.

ಅಕ್ಕಿಆಲೂರಿನ ರೈಸ್ ಮಿಲ್ಲಿನ ಕರಬಸಪ್ಪ ಎಲ್ಲರಿಗಿಂತ ಮೊದಲು ಸುರಿದು, ಧೋತರದ ಅಂಚು ಹಿಂಡುತ್ತ ಇಳಿದು ಬಂದ.

“ಏನ್ ಹುಚ್ಚ ಮಳಿರೀ ಇದು! ಎರಡ ದಿನ ಬಿಡೂ ಹಂಗ ಕಾಣೂದಿಲ್ಲ. ಲಾಡ್ಜಿನ್ಯಾಗ ಟಿ.ವಿ. ಐತಿಲ್ರೀ?”

ಹಾನಗಲ್ಲಿನ ಕಾಲೇಜು ಉಪನ್ಯಾಸಕಿ ಶೀಲಾ ಮಾತ್ರ ಕಪ್ಪು ಹಿಡಿದುಕೊಂಡೇ ಒಂದು ತಾತ್ವಿಕ ಆಕ್ಷೇಪ ಎತ್ತಿದಳು. “ಇದು ಪ್ರಯಾಣಿಕರ ಹಕ್ಕಿನ ಉಲ್ಲಂಘನೆ ಆಗೂದಿಲ್ಲೇನ್ರಿ?”

“ಹಕ್ಕು ಬೇಕಂದ್ರ ಕೋರ್ಟಿಗೆ ಹೋಗಬೇಕ್ರಿ ಮೇಡಂ,” ಎಂದ ಫಕ್ಕೀರೇಶ. “ಗಿರ್ಮಿಟ್ ಇಲ್ಲೇ ಬರ್ತೈತಿ.”

ಶೀಲಾ ಆಕ್ಷೇಪವನ್ನು ಹಿಂಪಡೆದಳು. ಸುರಿದು ಇಳಿಯುವಾಗ ಛತ್ರಿ ಬಿಚ್ಚಿಕೊಂಡಿದ್ದಳು.

ಇನ್ನೊಂದು ಅಡಚಣೆಯಿತ್ತು. ಯೋಜನೆಯ ಹದಿಮೂರನೆಯ ನಿಯಮದಂತೆ, ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತಿದ್ದರೆ, ಮಾಪಕ ಏನೇ ಹೇಳಲಿ, ಮಳೆಯಿಲ್ಲವೆಂದೇ ಭಾವಿಸತಕ್ಕದ್ದು. ಈ ಸೀಮೆಯಲ್ಲಿ ಮೆಣಸಿನಕಾಯಿಯನ್ನು ಮಳೆಗೆ ಬಿಟ್ಟು ಕೂರುವ ಹೆಂಗಸು ಹುಟ್ಟಿಲ್ಲವೆಂದು ತಪಾಸಣೆಗೆ ಬಂದ ಅಧಿಕಾರಿಗೆ ಯಾರೋ ಹೇಳಿದ್ದರಿಂದ ಸೇರಿದ ನಿಯಮವಿದು. ಫಕ್ಕೀರೇಶ ಮಾಳಿಗೆ ಹತ್ತಿ, ಕಟ್ಟಡದ ಒಡತಿ ಶಿವಬಸವ್ವನಿಗೆ ವಿನಂತಿಸಿದ.

“ಅವ್ವಾರ, ಮೆಣಸಿನಕಾಯಿ ಒಳಗ ತಗೋರಿ. ಮಳಿ ಆಗಾಕತ್ತೈತಿ.”

“ನಿನ್ನ ಮಳಿಗೆ ಬೆಂಕಿ ಹತ್ತಲಿ! ಇನ್ನೂ ಹಸಿ ಅದಾವೋ ಅವು.”

“ನಿಮಗೂ ನಾಕ ಮಿರ್ಚಿ ಬರ್ತಾವ್ರಿ.”

ಶಿವಬಸವ್ವ ಹಣೆಗೆ ಕೈಯಿಟ್ಟು ಆಕಾಶ ನೋಡಿದಳು. “ಹೌದೋ ತಮ್ಮಾ, ನಾ ನೋಡೇ ಇಲ್ಲ. ಭಾಳ ಮಾಡ ಹಾಕೇತಿ,” ಎಂದು ತಾಡಪಾಲು ಸಮೇತ ಮೆಣಸಿನಕಾಯಿಯನ್ನು ಎಳೆದು ಮಾಳಿಗೆಯ ಕೋಣೆಯೊಳಗೆ ಹಾಕಿದಳು.

ಕೆಂಪು ಗೆರೆಗೆ ಇನ್ನೊಂದೇ ಕಪ್ಪು ಕಡಿಮೆಯಿತ್ತು. ಉಳಿದವಳೂ ಒಬ್ಬಳೇ. ಸವಣೂರಿನ ಖತೀಜಾಬಿ, ತೊಡೆಯ ಮೇಲೆ ಖಾರದ ಡಬ್ಬಿ ಇಟ್ಟುಕೊಂಡು ಬಾಗಿಲ ಬಳಿ ಕೂತಿದ್ದಳು. ಆಕೆಯ ಮಗಳು ಮಾಹೀರಾಳಿಗೆ ಮರುದಿನ ಬೆಳಿಗ್ಗೆ ಹೈದರಾಬಾದಿನಲ್ಲಿ ಹೆರಿಗೆಯ ಆಪರೇಷನ್ ಇತ್ತು.

“ನಿಮ್ಮದೊಂದ ಉಳದೈತ್ರಿ ಚಾಚಿ. ಹಾಕಿಬಿಡ್ರಿ,” ಎಂದು ಫಕ್ಕೀರೇಶ ಕಪ್ಪು ತುಂಬಿ ಕೊಟ್ಟ.

“ನಾ ಹಾಕೂದಿಲ್ಲಪಾ. ಮಳಿ ಇಲ್ಲಂದ್ರ ಬ್ಯಾರೆ ಇಮಾನದಾಗ ಕಳಸ್ತೇವಿ ಅಂತ ಗ್ವಾಡಿ ಮ್ಯಾಲ ನೀವ ಬರಸೀರಿ. ಕಳಸ್ರಿ.”

“ಗ್ವಾಡಿ ಮ್ಯಾಲಿಂದು ಓದಾಕಲ್ರೀ ಚಾಚಿ,” ಎಂದ ಕರಬಸಪ್ಪ. “ಗ್ವಾಡಿ ಬೋಳ ಕಾಣಬಾರದಂತ ಬರಸಿರ್ತಾರ.”

“ನಾಳೆ ನನ್ನ ಮಗಳ ಹೊಟ್ಟಿ ಕೊಯ್ತಾರ. ಆಕಿ ಕಣ್ಣ ತಗದಾಗ ನಾ ಮುಂದ ಇರಬೇಕು.”

“ಖರೆ ಐತ್ರಿ. ಆದ್ರ ಇಂಥಾ ಮಳ್ಯಾಗ ಹೆಂಗ ಹೋಗ್ತೀರಿ?” ಎಂದು ಶೀಲಾ ಛತ್ರಿಯ ಕೆಳಗಿನಿಂದ ನಿಜವಾದ ಕಾಳಜಿಯಿಂದಲೇ ಕೇಳಿದಳು. ಯಾರೋ ಎದ್ದು ಕಿಟಕಿ ಮುಚ್ಚಿದರು. ಇರಚಲು ಬರುತ್ತಿದೆಯೆಂದರು.

ಫಕ್ಕೀರೇಶ ಬೆವರು ಒರೆಸಿಕೊಂಡ. “ಲಗೂನ ಮಾಡ್ರಿ ಚಾಚಿ. ಬಿಸಲಿಗೆ ಮಳಿ ಆರಾಕತ್ತೈತಿ.”

ಖತೀಜಾಬಿ ಎದ್ದಳು. ಎಲ್ಲರಿಗೂ ಸಮಾಧಾನವಾಯಿತು, ಗಿರ್ಮಿಟ್ಟಿಗೆ ಹೇಳಿಕಳಿಸಲಾಯಿತು. ಆಕೆ ಕಪ್ಪಿನ ನೀರನ್ನು ಕುಡಿದು, ಖಾಲಿ ಕಪ್ಪನ್ನು ಫಕ್ಕೀರೇಶನ ಕೈಯಲ್ಲಿಟ್ಟು, ಮೆಟ್ಟಿಲು ಹತ್ತಿದಳು. ಸ್ವಲ್ಪ ಹೊತ್ತಿನಲ್ಲಿ ಮಾಳಿಗೆಯ ಮೇಲೆ ಏನನ್ನೋ ಭಾರವಾದದ್ದನ್ನು ಎಳೆಯುವ ಸದ್ದು ಕೇಳಿಸಿತು.

ಎಲ್ಲರೂ ಛತ್ರಿ ಹಿಡಿದು, ಜಾರದಂತೆ ಒಬ್ಬರನ್ನೊಬ್ಬರು ಹಿಡಿದು, ಮೆಟ್ಟಿಲ ತುದಿಗೆ ಬಂದು ನಿಂತರು.

“ಚಾಚಿ, ಬ್ಯಾಡ್ರಿ! ಮಳ್ಯಾಗ ತೊಯ್ದು ಹೋಗ್ತಾವ್ರಿ ಅವು!” ಎಂದು ಶಿವಬಸವ್ವ ಕೂಗಿಕೊಂಡಳು.

ಖತೀಜಾಬಿ ಕಾದ ಮಾಳಿಗೆಯ ಮೇಲೆ ಕೂತು, ಮಳೆಮಾಪಕದ ಸುತ್ತಲೂ ಮೆಣಸಿನಕಾಯಿಯನ್ನು ಬಿಸಿಲಿಗೆ ಹರವತೊಡಗಿದಳು.